ಹದಿಹರೆಯದವರ ಓದು: ಬೈಗುಳ, ಅಶ್ಲೀಲ ಮತ್ತು ಸದಭಿರುಚಿ

(ಪಾಲಕರು ಮತ್ತು ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)





ಸಭೆಯಲ್ಲಿ ಆಡಿದ ಮಾತುಗಳನ್ನೇ ತುಸು ತಿದ್ದಿ ಇಲ್ಲಿ ಬರೆದಿದ್ದೇನೆ. ತಾವು ಪಾಲಕರಾಗಿರಬಹುದು, ಶಿಕ್ಷಕರಾಗಿರಬಹುದು, ಇನ್ನೂ ಕಾಲೇಜು ಕಲಿಯುತ್ತಿರುವವರೂ ಆಗಿರಬಹುದು. ಯಾರೇ ಆಗಿದ್ದರೂ ಒಂದು ಪ್ರಶ್ನೆ ತಮ್ಮ ಮನೆಗೂ ಬಂದೇ ಬರುತ್ತದೆ. ಹದಿನಾಲ್ಕು ಹದಿನೈದು ವಯಸ್ಸಿನ ಮಗ ಅಥವಾ ಮಗಳು ಒಂದು ಕಾದಂಬರಿ ತಂದು ಓದುತ್ತಿದೆ. ತಾವು ಸುಮ್ಮನೆ ಎತ್ತಿ ಒಂದು ಪುಟ ತಿರುವುತ್ತೀರಿ. ಅಲ್ಲೊಂದು ಕೆಟ್ಟ ಶಬ್ದ ಕಣ್ಣಿಗೆ ಬೀಳುತ್ತದೆ. ಆಗ ಏನು ಮಾಡಬೇಕು? ಪುಸ್ತಕ ಕಸಿದುಕೊಳ್ಳಬೇಕೆ? ಕಂಡೂ ಕಾಣದಂತೆ ಇರಬೇಕೆ? ಅಥವಾ ಮೂರನೆಯ ದಾರಿ ಏನಾದರೂ ಉಂಟೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆ ನಮ್ಮ ಮಕ್ಕಳ ಓದಿನ ಸ್ಥಿತಿ ತಮಗೆ ಗೊತ್ತೇ ಇದೆ. ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕವಿರುವ ಮನೆಗಳು ಬೆರಳೆಣಿಕೆಯಷ್ಟು. ಶಾಲೆಯ ಕಪಾಟಿನಲ್ಲಿರುವ ಪುಸ್ತಕಗಳೇ ಅನೇಕ ಮಕ್ಕಳಿಗೆ, ಅದರಲ್ಲೂ ಎಸ್.ಎಸ್.ಎಲ್.ಸಿ. ಆದ ಮೇಲೆ ಮನೆಯಲ್ಲೇ ಉಳಿಯುವ ಹೆಣ್ಣುಮಕ್ಕಳಿಗೆ, ಮೊದಲನೆಯ ಮತ್ತು ಕೊನೆಯ ವಾಚನಾಲಯ. ಆದ್ದರಿಂದ ಆ ಕಪಾಟಿನಿಂದ ಒಂದು ಪುಸ್ತಕವನ್ನು ಹೊರಗಿಡುವುದು ಸಣ್ಣ ಮಾತಲ್ಲ. ಹಾಗೆಯೇ ಒಂದು ಕೊಳಕು ಪುಸ್ತಕ ಅಲ್ಲಿ ಸೇರಿಕೊಳ್ಳುವುದೂ ಸಣ್ಣ ಮಾತಲ್ಲ.

ಕೆಲ ವರ್ಷಗಳ ಹಿಂದೆ ಒಂದು ಶಾಲೆಗೆ ಒಬ್ಬ ತಂದೆ ಒಂದು ಕನ್ನಡ ಕಾದಂಬರಿ ಹಿಡಿದುಕೊಂಡು ಬಂದರು. ಶಾಲೆಯ ಹೆಸರೂ ಕಾದಂಬರಿಯ ಹೆಸರೂ ಇಲ್ಲಿ ಬೇಡ. ಅವರು ಜಗಳಗಂಟರಲ್ಲ. ಮಗಳನ್ನು ಓದಿಸಬೇಕೆಂಬ ಹಂಬಲವುಳ್ಳವರು. ಪುಸ್ತಕದಲ್ಲಿ ಮೂರು ಕಡೆ ಪೆನ್ಸಿಲಿನಿಂದ ಗೆರೆ ಎಳೆದು, "ಇಂಥಾದ್ದನ್ನ ನಮ್ಮ ಹುಡುಗಿ ಓದಬೇಕೇನ್ರಿ?" ಎಂದು ಕೇಳಿದರು. ಮೊದಲನೆಯ ಗೆರೆ ಹಳ್ಳಿಯ ಹೆಣ್ಣುಮಗಳೊಬ್ಬಳ ಒರಟು ಮಾತಿನ ಕೆಳಗಿತ್ತು. ಎರಡನೆಯದು ಒಬ್ಬ ಜಮೀನ್ದಾರ ತನ್ನ ಆಳಿಗೆ ಬೈದ ಬೈಗುಳದ ಕೆಳಗೆ. ಮೂರನೆಯದು ಮದುವೆಯಾಗದ ಹುಡುಗ ಹುಡುಗಿ ಕದ್ದು ಭೇಟಿಯಾಗುವ ಪ್ರಸಂಗದ ಕೆಳಗೆ. ಮೂರಕ್ಕೂ ಅವರು ಬಳಸಿದ ಮಾತು ಒಂದೇ: "ಹೊಲಸು."

ನನ್ನ ವಿನಂತಿ ಇಷ್ಟೇ. ಈ ಮೂರು ಗೆರೆಗಳು ಮೂರು ಬೇರೆ ಬೇರೆ ಸಂಗತಿಗಳು. ಒಂದನ್ನು ಇನ್ನೊಂದರೊಳಗೆ ಕಲಸಿದರೆ ತೀರ್ಪು ತಪ್ಪುತ್ತದೆ. ಒಂದೊಂದನ್ನೇ ನೋಡೋಣ.

ಆಡುಮಾತು ಹೊಲಸಲ್ಲ

ಮೊದಲನೆಯದು ಹಳ್ಳಿಯ ಮಾತು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ. ಕನ್ನಡದ ತಿರುಳು ಯಾವ ಸೀಮೆಯಲ್ಲಿದೆ ಎಂದು ಹೇಳುವಾಗ ಅದು ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ ಮತ್ತು ಒಕ್ಕುಂದ. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ನಮ್ಮ ಬೈಲಹೊಂಗಲ ತಾಲೂಕಿನ ವಕ್ಕುಂದ. ಸಾವಿರದ ನೂರು ವರ್ಷಗಳ ಹಿಂದೆ ಕನ್ನಡದ ತಿರುಳು ಎನಿಸಿಕೊಂಡ ನಾಡಿನ ಮಕ್ಕಳು ನಾವು. ಇಂದು ನಮ್ಮ ಮಗು ಬೆಂಗಳೂರಿಗೆ ಹೋಗಿ ಬಾಯಿ ತೆರೆದರೆ "ಒರಟು ಕನ್ನಡ" ಎನ್ನುತ್ತಾರೆ. ದುಃಖದ ಸಂಗತಿ ಎಂದರೆ ನಾವೂ ಹಾಗೆಯೇ ನಂಬಿಬಿಟ್ಟಿದ್ದೇವೆ.

ಉರ್ದುವಿನಲ್ಲೂ ಇದೇ ಕಥೆ. ನಮ್ಮ ಮನೆಯಲ್ಲಿ ಆಡುವುದು ದಖನಿ. "ನಕ್ಕೋ" ಎಂದರೆ, "ಹೌ" ಎಂದರೆ, ಲಖನೌ ದೆಹಲಿಯವರು ನಗುತ್ತಾರೆ. ಸಿನಿಮಾದಲ್ಲಿ ದಖನಿ ಆಡುವವನು ವಿದೂಷಕನೇ ಆಗಿರುತ್ತಾನೆ. ಆದರೆ ಬಿಜಾಪುರ, ಗೋಲಕೊಂಡಗಳ ಆಸ್ಥಾನಗಳಲ್ಲಿ ಕಾವ್ಯ ಹುಟ್ಟಿದ್ದು ಇದೇ ದಖನಿಯಲ್ಲಿ. ಹೀಗಿರುವಾಗ ಒಂದು ಕಾದಂಬರಿಯಲ್ಲಿ ಸವದತ್ತಿ ಸಂತೆಯ ಹೆಂಗಸು ಸಂತೆಯ ಮಾತನ್ನೇ ಆಡಿದರೆ ಅದು ಅಭಿರುಚಿಯ ಕೊರತೆಯಲ್ಲ, ಸತ್ಯ. ಘೋಡಗೇರಿಯ ಚಂದ್ರಶೇಖರ ಕಂಬಾರರು ಈ ಬೆಳಗಾವಿ ಜಿಲ್ಲೆಯ ಮಾತಿನಲ್ಲೇ ಬರೆದು ಜ್ಞಾನಪೀಠದವರೆಗೆ ಹೋದರು. ಆದ್ದರಿಂದ ಆ ತಂದೆಯ ಮೊದಲನೆಯ ಗೆರೆಯನ್ನು ರಬ್ಬರಿನಿಂದ ಅಳಿಸಿಬಿಡಬಹುದು. "ಲೇ", "ಮಗನ", "ಏನಲೇ" ಇವು ನಮ್ಮಲ್ಲಿ ಸಿಟ್ಟಿಗೂ ಬರುತ್ತವೆ, ಪ್ರೀತಿಗೂ ಬರುತ್ತವೆ. ಹೇಗೆ ಬಂದಿದೆ ಎಂದು ನೋಡದೆ ಗೆರೆ ಹಾಕಬಾರದು.

ಬೈಗುಳ ಯಾರ ಮೇಲೆ ಬೀಳುತ್ತದೆ?

ಎರಡನೆಯದು ಕಠಿಣವಾದದ್ದು. ಬೈಗುಳ ಬೈಗುಳವೇ. ಅದನ್ನು ಆಡುಮಾತು ಎಂದು ತೇಲಿಸಲಿಕ್ಕೆ ಬರುವುದಿಲ್ಲ.

ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ ಒಂದು ವಿಚಿತ್ರ ಕಾಣುತ್ತದೆ. ನಮ್ಮ ಕನ್ನಡದ ಬೀದಿಯಲ್ಲಿ ಕೇಳಿಬರುವ ಅನೇಕ ಬೈಗುಳಗಳು ಅರಬ್ಬಿ ಫಾರಸಿಯಿಂದ ಉರ್ದುವಿನ ಮೂಲಕ ಬಂದವು. 'ಹರಾಮಖೋರ' ಎಂದರೆ ಹರಾಮಿನ ಗಳಿಕೆಯನ್ನು ತಿನ್ನುವವನು. 'ಬದ್ಮಾಷ್' ಎಂದರೆ ಕೆಟ್ಟ ದಾರಿಯಲ್ಲಿ ಹೊಟ್ಟೆ ಹೊರೆಯುವವನು. 'ನಮಕ್ ಹರಾಮ್' ಎಂದರೆ ಉಂಡ ಉಪ್ಪಿಗೆ ಎರಡು ಬಗೆಯುವವನು. 'ಬೇವಕೂಫ್' ಎಂದರೆ ತಿಳಿವಳಿಕೆ ಇಲ್ಲದವನು. ನೋಡಿ, ಈ ಮಾತುಗಳು ಒಬ್ಬನು ಮಾಡಿದ ಕೆಲಸದ ಮೇಲೆ ಬೀಳುತ್ತವೆ. ಲಂಚ ತಿಂದವನನ್ನು ಕಥೆಯಲ್ಲಿ ಯಾರಾದರೂ ಹರಾಮಖೋರ ಎಂದರೆ ಅದರಲ್ಲಿ ಒಂದು ನ್ಯಾಯದ ತಕ್ಕಡಿ ಇದೆ.

ಇನ್ನೊಂದು ಬಗೆಯ ಬೈಗುಳಗಳಿವೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಬರೆಯದಿದ್ದರೂ ತಮಗೆ ತಿಳಿಯುತ್ತದೆ. ತಪ್ಪು ಮಾಡಿದವನು ಗಂಡಸು, ಬೈಗುಳ ಬೀಳುವುದು ಅವನ ತಾಯಿಯ ಮೇಲೆ, ಅಕ್ಕತಂಗಿಯರ ಮೇಲೆ. ಕನ್ನಡದಲ್ಲಿ ಅತಿ ಹೆಚ್ಚಾಗಿ ಕೇಳಿಬರುವ ಒಂದು ಬೈಗುಳದ ಅರ್ಥ "ಗಂಡ ಸತ್ತವಳ ಮಗ" ಎಂದಷ್ಟೇ. ಗಂಡ ಸಾಯುವುದು ಯಾವ ಹೆಣ್ಣಿನ ತಪ್ಪು? ನಮ್ಮ ಪ್ರವಾದಿಯವರೇ (ಸ.ಅ.) ತಂದೆಯನ್ನು ಕಾಣದೆ ವಿಧವೆ ತಾಯಿಯ ಮಡಿಲಲ್ಲಿ ಹುಟ್ಟಿದವರು. ಆ ಬೈಗುಳ ಬಾಯಿಗೆ ಬರುವಾಗ ನಮ್ಮ ಹುಡುಗರಿಗೆ ಇದು ನೆನಪಾಗಬೇಕು. ಇನ್ನೊಂದು ಬೈಗುಳ ದೇವದಾಸಿ ಪದ್ಧತಿಗೆ ಬಲಿಯಾದ ಹೆಣ್ಣಿನ ಮಕ್ಕಳ ಮೇಲೆ ಬೀಳುತ್ತದೆ. ಸವದತ್ತಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1982ರಲ್ಲಿ ಕರ್ನಾಟಕ ಸರ್ಕಾರ ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿ ಬಿಡುವುದನ್ನು ಅಪರಾಧವೆಂದು ಕಾನೂನು ಮಾಡಿತು. ಕಾನೂನು ಪದ್ಧತಿಯನ್ನು ನಿಷೇಧಿಸಿತು. ಬೈಗುಳವನ್ನು ನಿಷೇಧಿಸುವ ಕಾನೂನು ಯಾರೂ ಮಾಡಲಾರರು. ಅದು ನಮ್ಮ ನಿಮ್ಮ ಕೆಲಸ.

ಇಸ್ಲಾಮಿನ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಒಬ್ಬರನ್ನೊಬ್ಬರು ಹಂಗಿಸಬೇಡಿ, ಕೆಟ್ಟ ಅಡ್ಡಹೆಸರುಗಳಿಂದ ಕರೆಯಬೇಡಿ ಎಂಬುದು ಸೂರಾ ಅಲ್ ಹುಜುರಾತಿನ ಹನ್ನೊಂದನೆಯ ಆಯತಿನ ಆಶಯ. ಇನ್ನೊಬ್ಬರ ತಂದೆ ತಾಯಿಯನ್ನು ಬೈಯುವವನು ಪ್ರತಿಯಾಗಿ ತನ್ನ ತಂದೆ ತಾಯಿಗೇ ಬೈಗುಳ ತರುತ್ತಾನೆ ಎಂಬ ಅರ್ಥದ ಹದೀಸ್ ಕೂಡ ಉಂಟು.

ಹಾಗಾದರೆ ಬೈಗುಳವಿರುವ ಕಾದಂಬರಿ ಬೇಡವೇ? ಇಲ್ಲಿ ಒಂದು ಸೂಕ್ಷ್ಮವಿದೆ. ಬೈಯುವುದು ಬೇರೆ, ಬೈಯುವವನನ್ನು ತೋರಿಸುವುದು ಬೇರೆ. ಜಮೀನ್ದಾರ ಆಳಿಗೆ ಬೈದದ್ದನ್ನು ಲೇಖಕ ಬರೆದರೆ, ಓದುವ ಹುಡುಗಿಯ ಮನಸ್ಸು ಆಳಿನ ಕಡೆಗೆ ವಾಲಿದರೆ, ಆ ಬೈಗುಳ ಅಲ್ಲಿ ಸಾಕ್ಷಿ ಹೇಳುತ್ತಿದೆ. ಅದೇ ಬೈಗುಳವನ್ನು ನಾಯಕನ ಬಾಯಿಗೆ ಹಾಕಿ, ಅವನ ಗೆಳೆಯರೆಲ್ಲ ಚಪ್ಪಾಳೆ ತಟ್ಟುವಂತೆ ಬರೆದರೆ, ಆಗ ಅದು ಪಾಠ ಹೇಳುತ್ತಿದೆ. ಶಬ್ದ ಒಂದೇ, ಕೆಲಸ ಬೇರೆ.

ನಮ್ಮ ನ್ಯಾಯಾಲಯಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಬಂಗಾಳಿ ಲೇಖಕ ಸಮರೇಶ ಬಸು ಅವರ 'ಪ್ರಜಾಪತಿ' ಕಾದಂಬರಿ 1967ರಲ್ಲಿ 'ದೇಶ್' ಪತ್ರಿಕೆಯ ಶಾರದೀಯ ಸಂಚಿಕೆಯಲ್ಲಿ ಬಂತು. ದಾರಿ ತಪ್ಪಿದ ಯುವಕನೊಬ್ಬನ ಕಥೆ. ಅವನ ಮಾತಿನ ತುಂಬ ಬೀದಿಯ ಶಬ್ದಗಳು. ಅಶ್ಲೀಲವೆಂದು ಮೊಕದ್ದಮೆ ಆಯಿತು. ಕೆಳಗಿನ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. 1985ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದು ಮಾಡುತ್ತ ಒಂದು ಮುಖ್ಯವಾದ ಭೇದವನ್ನು ಗುರುತಿಸಿತು. ಅಸಭ್ಯವಾದದ್ದೆಲ್ಲ ಅಶ್ಲೀಲವಲ್ಲ. ಅಸಭ್ಯ ಬರವಣಿಗೆ ಓದುಗನಿಗೆ ಜಿಗುಪ್ಸೆ, ಬೇಸರ ತರಬಹುದು. ಆದರೆ ಅಶ್ಲೀಲವು ಮನಸ್ಸನ್ನು ಕೆಡಿಸುವಂಥದ್ದು. ತೀರ್ಪು ಕೊಡುವಾಗ ನ್ಯಾಯಮೂರ್ತಿಗಳು ಲೇಖಕನ ಸ್ಥಾನದಲ್ಲಿಯೂ ನಿಂತು ನೋಡಬೇಕು, ಬೇರೆ ಬೇರೆ ವಯಸ್ಸಿನ ಓದುಗರ ಸ್ಥಾನದಲ್ಲಿಯೂ ನಿಂತು ನೋಡಬೇಕು ಎಂದೂ ಅದು ಹೇಳಿತು. 'ಕಾಲೇಜ್ ರೊಮ್ಯಾನ್ಸ್' ಎಂಬ ವೆಬ್ ಧಾರಾವಾಹಿ ಯುವಕ ಯುವತಿಯರಿಗಾಗಿಯೇ ಮಾಡಿದ್ದು. ಅದರ ಭಾಷೆ ಕೇಳಿ ದೆಹಲಿ ಹೈಕೋರ್ಟು 2023ರಲ್ಲಿ ಕಟುವಾಗಿ ಟೀಕಿಸಿತ್ತು. 2024ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ಬೈಗುಳ ಮತ್ತು ಅಶ್ಲೀಲ ಒಂದೇ ಅಲ್ಲವೆಂದು ಹೇಳಿ ಮೊಕದ್ದಮೆಯನ್ನು ವಜಾ ಮಾಡಿತು.

ಆದರೆ ತಾವು ಒಂದನ್ನು ಗಮನಿಸಬೇಕು. ನ್ಯಾಯಾಲಯ ಹೇಳಿದ್ದು "ಇದು ಅಪರಾಧವಲ್ಲ" ಎಂದು. "ಇದು ಒಂಬತ್ತನೆಯ ತರಗತಿಗೆ ಯೋಗ್ಯ" ಎಂದಲ್ಲ. ಅಪರಾಧವಲ್ಲದ ಎಷ್ಟೋ ಸಂಗತಿಗಳು ಒಳ್ಳೆಯವಾಗಿರುವುದಿಲ್ಲ. ಕಾನೂನು ಹೊಸ್ತಿಲು ಮಾತ್ರ. ಹೊಸ್ತಿಲ ಒಳಗೆ ಮನೆ ಹೇಗಿರಬೇಕೆಂಬುದನ್ನು ಮನೆಯವರೇ ತೀರ್ಮಾನಿಸಬೇಕು. ಕಾನೂನು ಕೂಡ ಎಳೆಯರ ವಿಷಯದಲ್ಲಿ ಬೇರೆಯೇ ಗೆರೆ ಹಾಕಿದೆ. ಹಳೆಯ ದಂಡಸಂಹಿತೆಯ 293ನೆಯ ಕಲಮು ಇಪ್ಪತ್ತು ವರ್ಷದೊಳಗಿನವರಿಗೆ ಅಶ್ಲೀಲ ವಸ್ತು ಮಾರುವುದಕ್ಕೆ ಹೆಚ್ಚಿನ ಶಿಕ್ಷೆ ಇಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 295ನೆಯ ಕಲಮು ಮಕ್ಕಳ ವಿಷಯದಲ್ಲಿ ಅದೇ ಕೆಲಸ ಮಾಡುತ್ತದೆ.

ಒಬ್ಬ ಹುಡುಗನ ಪ್ರಬಂಧ

ತರಗತಿಯ ಒಂದು ಉದಾಹರಣೆ ಹೇಳುತ್ತೇನೆ. "ನಾನು ಮಾಡುವ ಕೆಲಸ" ಎಂಬ ಪ್ರಬಂಧ ಬರೆಯಲು ಕೊಟ್ಟಿದ್ದೆ. ಶಾಲೆ ಬಿಟ್ಟ ಮೇಲೆ ಗ್ಯಾರೇಜಿನಲ್ಲಿ ದುಡಿಯುವ ಹುಡುಗನೊಬ್ಬ ಎರಡು ಪುಟ ಬರೆದ. ನಟ್ಟು ಬೋಲ್ಟು, ಸೀಮೆಎಣ್ಣೆಯ ವಾಸನೆ, ರಾತ್ರಿ ಎಂಟಕ್ಕೆ ಸಿಗುವ ಚಹಾ ಎಲ್ಲವೂ ಇತ್ತು. ಮೇಸ್ತ್ರಿ ತನ್ನನ್ನು ಕರೆಯುವ ಬೈಗುಳವನ್ನೂ ಪೂರ್ತಿಯಾಗಿ ಬರೆದಿದ್ದ. ಅದು ತಾಯಿಯ ಮೇಲಿನ ಬೈಗುಳ. ಶಿಕ್ಷಕರ ಕೋಣೆಯಲ್ಲಿ ಕೆಲವರು ನಕ್ಕರು, ಒಬ್ಬರು ಹುಡುಗನಿಗೆ ಶಿಕ್ಷೆಯಾಗಬೇಕು ಎಂದರು.

ಹುಡುಗನನ್ನು ಕರೆದು ಕೇಳಿದೆ. "ಈ ಶಬ್ದ ತೆಗೆದರೆ ನಿನ್ನ ಪ್ರಬಂಧಕ್ಕೆ ಏನು ಕಡಿಮೆಯಾಗುತ್ತದೆ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಸರ್, ಅಲ್ಲಿ ನಂದು ಅದೇ ಹೆಸರು. ಬ್ಯಾರೆ ಹೆಸರಿಲ್ಲ."

ಈ ಮಾತಿನ ಮೇಲೆ ನಾವು ಕೂಡಿ ಕೆಲಸ ಮಾಡಿದೆವು. ಕೊನೆಗೆ ಅವನು ಆ ಶಬ್ದದ ಜಾಗದಲ್ಲಿ, ಗ್ಯಾರೇಜಿನಲ್ಲಿ ನನ್ನನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಕರೆಯುವ ಶಬ್ದವನ್ನು ನಮ್ಮ ಅಮ್ಮನ ಮುಂದೆ ಹೇಳಲಿಕ್ಕೆ ಆಗುವುದಿಲ್ಲ ಎಂದು ಬರೆದ. ಗೋಡೆಪತ್ರಿಕೆಯಲ್ಲಿ ಹಾಗೆಯೇ ಹಾಕಿದೆವು. ಅದನ್ನು ಓದಿ ಯಾರೂ ನಗಲಿಲ್ಲ. ಹುಡುಗನಿಗೆ ಪೂರ್ತಿ ಸಮಾಧಾನವಾಯಿತೆಂದು ಹೇಳಲಾರೆ. "ಖರೆ ಶಬ್ದ ಬರೀಬೇಕಿತ್ತು ಸರ್" ಎಂದು ಆಮೇಲೊಮ್ಮೆ ಅಂದ. ಅವನ ಮಾತಿನಲ್ಲೂ ನ್ಯಾಯವಿದೆ. ಅವನು ಮುಂದೊಂದು ದಿನ ಲೇಖಕನಾದರೆ ಆ ಶಬ್ದವನ್ನು ಬರೆಯುವ ಹಕ್ಕು ಅವನಿಗಿದೆ, ಏಕೆಂದರೆ ಅದನ್ನು ಉಂಡವನು ಅವನು. ಗೋಡೆಪತ್ರಿಕೆಯ ಮುಂದೆ ಐದನೆಯ ತರಗತಿಯ ಮಕ್ಕಳೂ ನಿಲ್ಲುತ್ತಾರೆ ಎಂಬುದು ನನ್ನ ನ್ಯಾಯ. ಎರಡೂ ನ್ಯಾಯಗಳನ್ನು ತೂಗಿ ನೋಡುವುದಕ್ಕೇ ಸದಭಿರುಚಿ ಎಂದು ಹೆಸರು. ಶಬ್ದಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರೆ ಅದು ಬರುವುದಿಲ್ಲ.

ವಿಷಯವೇ ಬೇಡವೆನ್ನುವವರಿಗೆ

ಮೂರನೆಯ ಗೆರೆಗೆ ಬರೋಣ. ಹೆಣ್ಣು ಗಂಡಿನ ಆಕರ್ಷಣೆ, ಪ್ರಲೋಭನೆ, ಎಡವಟ್ಟು. ಇವನ್ನು ಎಳೆಯರ ಪುಸ್ತಕದಲ್ಲಿ ತರಲೇಬಾರದು ಎನ್ನುವವರು ನಮ್ಮಲ್ಲಿ ಬಹಳ ಜನ. ಅವರಿಗೆ ನಾನು ಗೌರವದಿಂದ ಸೂರಾ ಯೂಸುಫನ್ನು ನೆನಪಿಸುತ್ತೇನೆ. ಪವಿತ್ರ ಕುರ್‌ಆನ್ ತಾನೇ ಅತ್ಯುತ್ತಮ ಕಥನವೆಂದು ಕರೆದದ್ದು ಇದೇ ಸೂರಾದಲ್ಲಿ. ಅದರಲ್ಲಿ ಏನಿದೆ? ಚೆಲುವನಾದ ತರುಣ, ಮನೆಯ ಒಡತಿ, ಮುಚ್ಚಿದ ಬಾಗಿಲು, ಹಿಂದಿನಿಂದ ಹರಿದ ಅಂಗಿ, ಊರ ಹೆಂಗಸರ ಗುಸುಗುಸು, ಕೊನೆಗೆ ಸೆರೆಮನೆ. ಯಾವುದನ್ನೂ ಮುಚ್ಚಿಟ್ಟಿಲ್ಲ. ಆದರೂ ತಂದೆ ಮಗಳ ಮುಂದೆ, ಗುರು ಶಿಷ್ಯರ ಮುಂದೆ ಕುಳಿತು ಓದಿ ಅರ್ಥ ಹೇಳಬಹುದು. ವಿಷಯ ಅಪಾಯಕಾರಿಯಾದದ್ದೇ. ಹೇಳಿದ ರೀತಿ ಶುದ್ಧ. ಅಂದಮೇಲೆ ವಿಷಯವನ್ನೇ ನಿಷೇಧಿಸುವುದು ನಮ್ಮ ಪರಂಪರೆಯಲ್ಲ. ರೀತಿಯನ್ನು ಕಲಿಯುವುದು ನಮ್ಮ ಪರಂಪರೆ.

ಉರ್ದುವಿನ ಮೊದಲ ಕಾದಂಬರಿಕಾರರೆಂದು ಹೆಸರಾದ ಡೆಪ್ಯುಟಿ ನಜೀರ್ ಅಹ್ಮದ್ ತಮ್ಮ ಮಕ್ಕಳಿಗೆ ಓದಲು ತಕ್ಕ ಪುಸ್ತಕಗಳಿಲ್ಲವೆಂದೇ ಬರೆಯಲು ಕುಳಿತವರು. 1869ರ 'ಮಿರಾತುಲ್ ಉರೂಸ್' ಹಾಗೆ ಹುಟ್ಟಿದ್ದು. 1870ರ ದಶಕದ 'ತೌಬತುನ್ನಸೂಹ್' ಕಾದಂಬರಿಯಲ್ಲಿ ತಂದೆ ನಸೂಹ್ ತನ್ನ ಹಿರಿಯ ಮಗ ಕಲೀಮನ ಕೋಣೆಯ ಪುಸ್ತಕಗಳನ್ನೆಲ್ಲ ಅಭಿರುಚಿಗೆಟ್ಟವೆಂದು ಸುಡಿಸುತ್ತಾನೆ. ಆದರೆ ಗಮನಿಸಿ, ಆ ಹೊತ್ತಿಗೆ ಮಗ ಮನೆ ಬಿಟ್ಟು ಹೋಗಿಬಿಟ್ಟಿದ್ದಾನೆ. ಬೆಂಕಿ ಪುಸ್ತಕಕ್ಕೆ ತಲುಪಿತು, ಮಗನಿಗೆ ತಲುಪಲಿಲ್ಲ. ಇನ್ನೂ ದೊಡ್ಡ ಪಾಠ ಲೇಖಕರ ಬಾಳಿನಲ್ಲೇ ಇದೆ. ನಜೀರ್ ಅಹ್ಮದರ 'ಉಮ್ಮಹಾತುಲ್ ಉಮ್ಮಾ' 1908ರಲ್ಲಿ ಬಂದಾಗ, ಅದರಲ್ಲಿ ಪೂಜ್ಯರ ಬಗ್ಗೆ ದೆಹಲಿಯ ಆಡುಮಾತಿನಲ್ಲಿ ಬರೆದದ್ದು ಅಗೌರವವೆಂದು ಗದ್ದಲವೆದ್ದಿತು. ಆ ಪುಸ್ತಕದ ಪ್ರತಿಗಳನ್ನು ಸುಡಲಾಯಿತು. ಕಥೆಯಲ್ಲಿ ಪುಸ್ತಕ ಸುಡಿಸಿದವರ ಪುಸ್ತಕವೇ ಬೆಂಕಿಗೆ ಹೋಯಿತು. ಅಭಿರುಚಿಯ ಹೆಸರಿನಲ್ಲಿ ಹಚ್ಚಿದ ಬೆಂಕಿ ಯಾರ ಮನೆಯ ಮುಂದೆ ನಿಲ್ಲುತ್ತದೆಂದು ಹಚ್ಚಿದವನಿಗೂ ತಿಳಿದಿರುವುದಿಲ್ಲ.

ಇಸ್ಮತ್ ಚುಗ್ತಾಯಿಯವರ 1942ರ 'ಲಿಹಾಫ್' ಕಥೆಯ ಮೇಲೆ ಲಾಹೋರಿನಲ್ಲಿ ಅಶ್ಲೀಲದ ಮೊಕದ್ದಮೆ ನಡೆಯಿತು. ಯಾವ ಶಬ್ದ ಅಶ್ಲೀಲ ಎಂದು ವಕೀಲರು ಕೇಳಿದಾಗ ಸಾಕ್ಷಿಯೊಬ್ಬ ತಡಕಾಡಿ 'ಆಶಿಕ್' ಎಂಬ ಶಬ್ದವನ್ನು ತೋರಿಸಿದನೆಂದು ಅವರೇ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಮೊಕದ್ದಮೆ ನಿಲ್ಲಲಿಲ್ಲ. ಆ ಕಥೆ ಎಳೆಯರಿಗಾಗಿ ಬರೆದದ್ದಲ್ಲ. ನಮ್ಮ ಕಪಾಟಿಗೆ ಅದನ್ನು ತರಲು ನಾನು ಹೇಳುತ್ತಿಲ್ಲ. ಹೇಳುವುದಿಷ್ಟೇ: ಆಕ್ಷೇಪ ಇದ್ದದ್ದು ವಿಷಯಕ್ಕೆ, ಹುಡುಕಿದ್ದು ಶಬ್ದವನ್ನು. ಇಂದಿಗೂ ನಾವು ಅದನ್ನೇ ಮಾಡುತ್ತೇವೆ. ಸತ್ಯ ಮುಜುಗರ ತಂದರೆ ಶಬ್ದದ ಮೇಲೆ ತಪ್ಪು ಹೊರಿಸುತ್ತೇವೆ.

ಕನ್ನಡದಲ್ಲೂ ಈ ವಾದ ಹೊಸದಲ್ಲ. 1950ರ ಸುಮಾರಿಗೆ ಅ.ನ. ಕೃಷ್ಣರಾಯರು 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಕಾದಂಬರಿಗಳಲ್ಲಿ ವೇಶ್ಯಾವೃತ್ತಿಗೆ ದೂಡಲ್ಪಟ್ಟ ಹೆಣ್ಣಿನ ಬಾಳನ್ನು ಬರೆದಾಗ ಅಶ್ಲೀಲವೆಂದು ನಾಡಿನ ತುಂಬ ಕೂಗೆದ್ದಿತು. ಅವರು ಅದಕ್ಕೆ ಉತ್ತರವಾಗಿ 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದರು. ಇನ್ನು ನಮ್ಮ ಬೈಲಹೊಂಗಲದ ಹೆಸರಿಗೇ ಅಂಟಿಕೊಂಡ 'ಸಂಗ್ಯಾ ಬಾಳ್ಯಾ' ಸಣ್ಣಾಟವಿದೆ. ಗೆಳೆಯನ ಹೆಂಡತಿಯ ಮೇಲೆ ಮನಸ್ಸಿಟ್ಟ ಸಂಗ್ಯಾ, ನಡುವೆ ನಿಂತ ಬಾಳ್ಯಾ, ನಂಬಿಕೆದ್ರೋಹ, ಕೊನೆಗೆ ಕೊಲೆ. ಬೆಳತನಕ ನಡೆಯುವ ಈ ಆಟವನ್ನು ನಮ್ಮ ಹಿರಿಯರು ಹೆಂಡತಿ ಮಕ್ಕಳೊಂದಿಗೆ ಬಂಡಿ ಕಟ್ಟಿಕೊಂಡು ಹೋಗಿ ನೋಡಿದ್ದಾರೆ. ಚೇಷ್ಟೆಯ ಮಾತೂ ಅದರಲ್ಲಿದೆ. ಆದರೆ ಮುಂಜಾನೆ ಮನೆಗೆ ಬರುವಾಗ ಮನಸ್ಸಿನಲ್ಲಿ ಉಳಿಯುವುದು ಚೇಷ್ಟೆಯಲ್ಲ, ಸ್ನೇಹಕ್ಕೆ ಬಗೆದ ದ್ರೋಹದ ಭಾರ.

ನಮ್ಮ ಸಮಾಜಕ್ಕೆ ಇನ್ನೂ ಹತ್ತಿರದ ಉದಾಹರಣೆ ಕಾಸರಗೋಡಿನಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಸಾರಾ ಅಬೂಬಕ್ಕರ್ ಅವರದು. ಅವರ 'ಚಂದ್ರಗಿರಿಯ ತೀರದಲ್ಲಿ' 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ತಂದೆಯ ಹಟಕ್ಕೆ, ತಲಾಖಿನ ದುರುಪಯೋಗಕ್ಕೆ ಸಿಕ್ಕಿ ನಲುಗುವ ನಾದಿರಾ ಎಂಬ ಹುಡುಗಿಯ ಕಥೆ. ಈ ಕಾದಂಬರಿಯ ಬಗ್ಗೆ ನಮ್ಮೊಳಗೆ ಭಿನ್ನಾಭಿಪ್ರಾಯವಿದೆ, ನಾನು ಬಲ್ಲೆ. ಅದನ್ನು ಒಪ್ಪದವರೂ ಒಂದನ್ನು ಒಪ್ಪಬೇಕು. ಅದರ ಭಾಷೆ ಸಭ್ಯವಾದದ್ದು. ಆಕ್ಷೇಪವೇನಿದ್ದರೂ ಅದು ಹೇಳಿದ ವಿಷಯಕ್ಕೆ. ಹಾಗಿದ್ದರೆ ವಿಷಯದ ಬಗ್ಗೆಯೇ ಮಾತಾಡೋಣ, ಅಭಿರುಚಿಯ ಪರದೆ ಏಕೆ? ನಮ್ಮ ಹೆಣ್ಣುಮಗಳು ಹದಿನೆಂಟಕ್ಕೆ ಮದುವೆಯ ಮನೆಗೆ ಹೋಗುವ ಮೊದಲು ಇಂಥ ಒಂದು ಕಥೆಯನ್ನು ಓದಿ ತಾಯಿಯೊಡನೆ ಚರ್ಚಿಸಿದರೆ ಕೆಡುವುದೇನು? ಅದೇ ದಾರಿಯಲ್ಲಿ ನಡೆದ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಹೆಮ್ಮೆಪಟ್ಟವರು ಓದಲೂ ಬೇಕು.

ಶುದ್ಧವಾದದ್ದು ಸಪ್ಪೆಯಾಗಬೇಕಿಲ್ಲ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಬೈಗುಳ ಹಾಕದಿದ್ದರೆ ಇಂದಿನ ಹುಡುಗರು ಓದುವುದಿಲ್ಲ ಎನ್ನುವವರಿದ್ದಾರೆ. ಇದು ಸೋಮಾರಿ ಲೇಖಕರ ಸಬೂಬು. ಇದಕ್ಕೆ ಉತ್ತರ ಇಬ್ನೆ ಸಫಿ. ಉರ್ದುವಿನಲ್ಲಿ ಕಾಮದ ಕಥೆಗಳಲ್ಲದೆ ಬೇರೇನೂ ಮಾರಾಟವಾಗುವುದಿಲ್ಲ ಎಂದು ಗೋಷ್ಠಿಯೊಂದರಲ್ಲಿ ಯಾರೋ ಅಂದದ್ದನ್ನು ಒಪ್ಪದೆ ಅವರು ಪತ್ತೇದಾರಿ ಕಾದಂಬರಿಗೆ ಕೈ ಹಾಕಿದರು. 1952ರ ಮಾರ್ಚಿನಲ್ಲಿ ಅಲಹಾಬಾದಿನಿಂದ 'ಜಾಸೂಸಿ ದುನಿಯಾ' ಆರಂಭವಾಯಿತು. 1955ರಲ್ಲಿ 'ಇಮ್ರಾನ್' ಸರಣಿ ಬಂತು. 1980ರಲ್ಲಿ ತೀರಿಕೊಳ್ಳುವವರೆಗೆ ಎರಡೂ ಸರಣಿ ಸೇರಿ ಇನ್ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಕಳ್ಳರು, ಕೊಲೆಗಡುಕರು, ಕಳ್ಳಸಾಗಣೆದಾರರು ಎಲ್ಲರೂ ಅವುಗಳಲ್ಲಿದ್ದಾರೆ. ಆದರೂ ಒಂದೇ ಪ್ರತಿಯನ್ನು ಮಗ ಓದಿಟ್ಟರೆ ತಂದೆ ಎತ್ತಿಕೊಂಡು ಓದುತ್ತಿದ್ದ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೂ ಹೀಗೆಯೇ ಅಸಂಖ್ಯ ಜನರಿಗೆ ಓದಿನ ರುಚಿ ಹಚ್ಚಿದ. ಮಕ್ಕಳ ಲೋಕದಲ್ಲಿ ಬೊಳುವಾರು ಮಹಮದ್ ಕುಂಞಿಯವರ 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ'ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು. ಒಳ್ಳೆಯದು ಓದಿಸಿಕೊಳ್ಳುವುದಿಲ್ಲ ಎಂಬ ಮಾತು ಸುಳ್ಳು. ಒಳ್ಳೆಯದನ್ನು ನಾವು ತಂದಿಡುತ್ತಿಲ್ಲ ಎಂಬುದು ನಿಜ.

ನಾವು ಮಾಡಬಹುದಾದದ್ದು

ಪುಸ್ತಕ ಆರಿಸುವಾಗ ನಾನು ಕೆಲವು ಪ್ರಶ್ನೆ ಕೇಳಿಕೊಳ್ಳುತ್ತೇನೆ. ತಾವೂ ಕೇಳಿಕೊಳ್ಳಬಹುದು.

ಬೈಗುಳ ಆಡುವವನು ಯಾರು, ಅದು ಬೀಳುವುದು ಯಾರ ಮೇಲೆ? ದುರ್ಬಲರ ಮೇಲೆ ಬಿದ್ದರೆ ಪುಸ್ತಕ ಯಾರ ಪಕ್ಷ ವಹಿಸುತ್ತದೆ?

ಆ ಶಬ್ದ ತೆಗೆದರೆ ಕಥೆ ಬಡವಾಗುತ್ತದೆಯೇ, ಅಥವಾ ಏನೂ ಆಗುವುದಿಲ್ಲವೇ? ಏನೂ ಆಗದಿದ್ದರೆ ಅದು ಬರೀ ಒಗ್ಗರಣೆ.

ಒಂದು ಜಾತಿ, ಒಂದು ಧರ್ಮ, ಒಂದು ಕಸುಬಿನವರನ್ನು ಹಂಗಿಸುವ ಮಾತು ಇದೆಯೇ? ಇಂಥ ಮಾತು ಬಲು ಸಭ್ಯ ಭಾಷೆಯಲ್ಲಿಯೂ ಬರುತ್ತದೆ. ಅದನ್ನು ನಾವು ಗುರುತಿಸುವುದೇ ಇಲ್ಲ. ನನ್ನ ಮಟ್ಟಿಗೆ ಅದು ಬೀದಿಯ ಬೈಗುಳಕ್ಕಿಂತ ಕೆಟ್ಟದ್ದು.

ಇದನ್ನು ಓದುವ ಮಗುವಿನ ವಯಸ್ಸ್ಸೆಷ್ಟು? ಆರನೆಯ ತರಗತಿಗೂ ದ್ವಿತೀಯ ಪಿಯುಸಿಗೂ ಒಂದೇ ಅಳತೆ ಆಗದು. ಕಪಾಟಿನಲ್ಲಿ ಎರಡು ಅರೆ ಮಾಡಿದರೆ ಸಾಕು, ಬೀಗ ಬೇಡ.

ಪುಸ್ತಕ ಮುಚ್ಚಿದ ಮೇಲೆ ಮಗುವಿನ ಮನಸ್ಸು ದೊಡ್ಡದಾಗುತ್ತದೆಯೇ, ಚಿಕ್ಕದಾಗುತ್ತದೆಯೇ? ಇದಕ್ಕೆ ಉತ್ತರ ಹೇಳಬೇಕಾದರೆ ನಾವು ಪುಸ್ತಕವನ್ನು ಪೂರ್ತಿ ಓದಿರಬೇಕು. ಒಂದು ಪುಟ ತಿರುವಿ ತೀರ್ಪು ಕೊಡುವವರಿಗೆ ಇದು ಕಷ್ಟ.

ಪಾಲಕರಲ್ಲಿ ಇನ್ನೊಂದು ಮಾತು. ತಮ್ಮ ಮಗು ಕೆಟ್ಟ ಶಬ್ದವನ್ನು ಮೊದಲು ಕಲಿತದ್ದು ಕಾದಂಬರಿಯಿಂದ ಎಂದು ತಿಳಿದಿದ್ದರೆ ಅದು ಭ್ರಮೆ. ಬಸ್‌ಸ್ಟ್ಯಾಂಡಿನಲ್ಲಿ, ಕ್ರಿಕೆಟ್ ಮೈದಾನದಲ್ಲಿ, ಕೈಯಲ್ಲಿರುವ ಮೊಬೈಲಿನಲ್ಲಿ, ಕ್ಷಮಿಸಿ, ಕೆಲವೊಮ್ಮೆ ನಮ್ಮ ನಮ್ಮ ಅಂಗಳದಲ್ಲೇ ಅವರು ಅದನ್ನು ಕಲಿಯುತ್ತಾರೆ. ಮೊಬೈಲಿನಲ್ಲಿ ಬರುವ ಹೊಲಸಿಗೆ ಮೊದಲೂ ಇಲ್ಲ ಕೊನೆಯೂ ಇಲ್ಲ. ಕ್ಷಣದಲ್ಲಿ ಬಂದು ಹೋಗುತ್ತದೆ, ಅದರ ಪರಿಣಾಮ ಯಾರ ಮೇಲೆ ಏನಾಯಿತೆಂದು ತೋರಿಸುವುದೇ ಇಲ್ಲ. ಕಾದಂಬರಿಯಲ್ಲಿ ಹಾಗಲ್ಲ. ಬೈದವನು, ಬೈಸಿಕೊಂಡವನು, ಅವನ ಮನೆ, ಅವನ ರಾತ್ರಿ ಎಲ್ಲವೂ ಕಾಣುತ್ತವೆ. ಮೊಬೈಲು ಕೈಗೆ ಕೊಟ್ಟು ಕಾದಂಬರಿಯನ್ನು ಕಸಿದುಕೊಳ್ಳುವ ಪಾಲಕರು ಬಾಗಿಲು ತೆರೆದಿಟ್ಟು ಕಿಟಕಿಗೆ ಚಿಲಕ ಹಾಕಿದಂತೆ.

ಶಿಕ್ಷಕ ಬಂಧುಗಳಿಗೂ ಒಂದು ಬಿನ್ನಹ. ತರಗತಿಯಲ್ಲಿ ನಾವು ಬಳಸುವ "ಕತ್ತೆ", "ದಡ್ಡ", "ನಾಲಾಯಕ್" ಇವೂ ಅಡ್ಡಹೆಸರುಗಳೇ. ನಾವು ಹಾಗೆ ಕರೆಯುತ್ತ, ಮಕ್ಕಳ ಪುಸ್ತಕದಲ್ಲಿ ಮಾತ್ರ ಶುದ್ಧ ಭಾಷೆ ಇರಲಿ ಎಂದು ಕೇಳುವುದು ಸರಿಯಲ್ಲ.

ಆ ತಂದೆಯ ಪ್ರಶ್ನೆಗೆ ಶಾಲೆಯವರು ಕೊಟ್ಟ ಉತ್ತರ, ನಾಲ್ಕು ದಿನ ಪುಸ್ತಕವನ್ನು ಇಟ್ಟುಕೊಂಡು ಪೂರ್ತಿ ಓದಿ ಬನ್ನಿ ಎಂಬುದು. ಅವರು ಓದಿಕೊಂಡು ಬಂದರು. ಮೂರನೆಯ ಗೆರೆಯ ಬಗ್ಗೆ ಅವರ ಅಸಮಾಧಾನ ಉಳಿದೇ ಇತ್ತು. ಅದಕ್ಕೆ ಅವರಿಗೆ ಹಕ್ಕಿದೆ. ಆದರೆ ಆಳಿನ ಪಾತ್ರದ ಬಗ್ಗೆ ಅರ್ಧ ತಾಸು ಮಾತಾಡಿದರು. ಪುಸ್ತಕವನ್ನು ಕಪಾಟಿನ ಮೇಲಿನ ಅರೆಗೆ, ಅಂದರೆ ದೊಡ್ಡ ಮಕ್ಕಳ ಅರೆಗೆ ಸರಿಸಲಾಯಿತು. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಒಬ್ಬ ತಂದೆ ಮತ್ತು ಒಬ್ಬ ಮಗಳು ಒಂದೇ ಪುಸ್ತಕವನ್ನು ಓದಿದರು.

ನಮ್ಮ ಸಂಘ ವಿದ್ಯೆಗಾಗಿ ಹುಟ್ಟಿದ್ದು. ಬಹುಮಾನ ವಿತರಣೆಯಲ್ಲಿ ಹಾರ ತುರಾಯಿಗೆ ಖರ್ಚು ಮಾಡುವ ಹಣದಲ್ಲಿ ಅರ್ಧವನ್ನಾದರೂ ಪುಸ್ತಕಕ್ಕೆ ಕೊಡೋಣ. ನಾಲ್ಕೂ ತಾಲೂಕುಗಳಲ್ಲಿ ಇಬ್ಬರು ಶಿಕ್ಷಕರು, ಇಬ್ಬರು ಪಾಲಕರು, ಅದರಲ್ಲಿ ಒಬ್ಬ ತಾಯಿ ಇರಲೇಬೇಕು, ಹೀಗೆ ಒಂದೊಂದು ಸಣ್ಣ ಸಮಿತಿ ಮಾಡೋಣ. ಸಮಿತಿಯ ನಿಯಮ ಒಂದೇ ಇರಲಿ: ಪೂರ್ತಿ ಓದದವರಿಗೆ ಮತವಿಲ್ಲ. ಮುಂದಿನ ಸಂಚಿಕೆಯಲ್ಲಿ ತಾವು ಓದಿ ಆರಿಸಿದ ಪುಸ್ತಕಗಳ ಪಟ್ಟಿ ಪ್ರಕಟವಾಗಲಿ. ಅದು ಈ ಭಾಷಣಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ.